ಆ ನೀಲಿಗೆ ದುಡ್ಡು ಕೊಟ್ಟವರು ಯಾರು?

ನಮಸ್ಕಾರ. ರಿನೈಸಾನ್ಸ್, ಅಂದರೆ ಯುರೋಪಿನಲ್ಲಿ ಕಲೆ-ವಿದ್ಯೆ ಹೊಸದಾಗಿ ಅರಳಿದ ಕಾಲ, ‘ಮನುಷ್ಯನ ಯುಗ’ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಪಕ್ಕದಲ್ಲಿ ಹಾಕಿದ ಚಿತ್ರಗಳಲ್ಲೆಲ್ಲ ಬರೀ ಮೇರಿ, ಯೇಸು, ಸಂತರು. ಇದರಲ್ಲಿ ಆ ಕಾಲದ ಸಮಾಜ ಎಲ್ಲಿದೆ ಎಂದು ನೀವು ಕೇಳಿದ್ದೀರಿ. ತಪ್ಪು ನಮ್ಮದೇ. ‘ಮನುಷ್ಯನ ಯುಗ’ ಅನ್ನೋದು ಕೇಳಲು ಚೆಂದ. ಚಿತ್ರ ನೋಡುವಾಗ ಮಾತ್ರ ಅದು ಯಾವ ಉಪಯೋಗಕ್ಕೂ ಬಾರದು.

ಒಂದೇ ಚಿತ್ರ ತೆಗೆದುಕೊಳ್ಳೋಣ. ಇಟಲಿಯ ಫ್ಲಾರೆನ್ಸ್‌ನಲ್ಲಿ ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಸಾಕುವ ಆಸ್ಪತ್ರೆಯೊಂದಿತ್ತು. ಹೆಸರು ‘ಇನ್ನೊಸೆಂತಿ’, ಅಂದರೆ ಏನೂ ಅರಿಯದ ಮಕ್ಕಳು. ಅದನ್ನು ಕಟ್ಟಿಸಿದ್ದು ಅರಸನಲ್ಲ, ರೇಷ್ಮೆ ವ್ಯಾಪಾರಿಗಳ ಸಂಘ. ಬಾಗಿಲು ತೆರೆದದ್ದು 1445ರಲ್ಲಿ. ಅಲ್ಲಿನ ಪೂಜಾಪೀಠಕ್ಕೆಂದು ದೊಮೆನಿಕೊ ಗಿರ್ಲಾಂಡಾಯೊ ಬರೆದ ಚಿತ್ರ ಇದು: ಪೂರ್ವದೇಶದ ಮೂವರು ಅರಸರು ಬಾಲ ಯೇಸುವಿಗೆ ನಮಿಸುವ ದೃಶ್ಯ.

1485ರ ಅಕ್ಟೋಬರ್ 23ರಂದು ಆದ ಕರಾರು ಇವತ್ತಿಗೂ ಉಳಿದಿದೆ. ಓದಿದರೆ ಮನೆ ಕಟ್ಟಿಸುವಾಗ ಮೇಸ್ತ್ರಿ ಜೊತೆ ಮಾಡಿಕೊಳ್ಳುವ ಒಪ್ಪಂದದ ಹಾಗೇ ಇದೆ. ಒಟ್ಟು 115 ಫ್ಲೋರಿನ್ (ಫ್ಲಾರೆನ್ಸ್‌ನ ಚಿನ್ನದ ನಾಣ್ಯ), ತಿಂಗಳಿಗೆ 3 ಫ್ಲೋರಿನ್ ಕಂತು. 30 ತಿಂಗಳಲ್ಲಿ ಮುಗಿಸಬೇಕು, ಇಲ್ಲದಿದ್ದರೆ 15 ಫ್ಲೋರಿನ್ ದಂಡ. ಬಣ್ಣ ಹಚ್ಚುವುದು ಚಿತ್ರಕಾರನ ಸ್ವಂತ ಕೈಯಿಂದಲೇ ಆಗಬೇಕು. ನೀಲಿ ಮಾತ್ರ ಔನ್ಸ್‌ಗೆ ಸುಮಾರು 4 ಫ್ಲೋರಿನ್ ಬೆಲೆಯದ್ದೇ ಇರಬೇಕು. ತಾಮ್ರದ ಅದಿರಿನ ಅಗ್ಗದ ನೀಲಿಯೂ ಸಿಗುತ್ತಿತ್ತು. ಆದರೆ ಇವರು ಕೇಳಿದ್ದು ಅಫ್ಘಾನಿಸ್ತಾನದ ಬದಖ್‌ಶಾನ್‌ನಿಂದ ಬರುತ್ತಿದ್ದ ಕಲ್ಲನ್ನು ಅರೆದು ಮಾಡಿದ ನೀಲಿ. ಭಕ್ತಿ ಇತ್ತು, ಸುಳ್ಳಲ್ಲ. ಜೊತೆಗೆ ಲೆಕ್ಕದ ಪುಸ್ತಕವೂ ಇತ್ತು.

ಈಗ ಚಿತ್ರದೊಳಗೆ ಬನ್ನಿ. ಮುಂದೆ ಇಬ್ಬರು ಪುಟ್ಟ ಮಕ್ಕಳು ಮಂಡಿಯೂರಿದ್ದಾರೆ. ತೆಳು ಬಿಳಿ ಬಟ್ಟೆ, ಮೈಮೇಲೆ ಗಾಯ. ಬೈಬಲ್ ಕಥೆಯಲ್ಲಿ ಬಾಲ ಯೇಸುವನ್ನು ಮುಗಿಸಲೆಂದು ಹೆರೋದ ರಾಜ ಕೊಲ್ಲಿಸಿದ ಕೂಸುಗಳು ಅವು. ಆ ಕೊಲೆಯೂ ಹಿನ್ನೆಲೆಯಲ್ಲಿ ಸಣ್ಣದಾಗಿ ಕಾಣುತ್ತದೆ. ಒಂದು ಮಗುವನ್ನು ಕರೆತಂದವನು ಫ್ಲಾರೆನ್ಸ್ ಊರಿನ ರಕ್ಷಕ ಸಂತ, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೊವಾನ್ನ. ಇನ್ನೊಂದನ್ನು ಕರೆತಂದವನು ರೇಷ್ಮೆ ಸಂಘದ ರಕ್ಷಕ ಸಂತ, ಅದೇ ಹೆಸರಿನ ಬೇರೊಬ್ಬ, ಶುಭಸಂದೇಶ ಬರೆದ ಯೊವಾನ್ನ. ಊರು ಒಂದು ಕಡೆ, ಸಂಘ ಒಂದು ಕಡೆ, ನಡುವೆ ಆ ಕೂಸುಗಳ ರೂಪದಲ್ಲಿ ಆಸ್ಪತ್ರೆಯ ದಿಕ್ಕಿಲ್ಲದ ಮಕ್ಕಳು. ಹಣ ಗಳಿಸಿದವನು ಊರಿನ ಕೂಸುಗಳನ್ನೂ ನೋಡಿಕೊಳ್ಳಬೇಕು ಎಂಬುದು ಆ ವ್ಯಾಪಾರಿಗಳ ಆದರ್ಶ. ಅದನ್ನು ಅವರು ಮಾತಿನಲ್ಲಿ ಹೇಳದೆ ಸಂತರ ಕೈಯಲ್ಲಿ ಮಾಡಿಸಿದರು. ಅಂದಹಾಗೆ, ಆಸ್ಪತ್ರೆಯ ಮುಖ್ಯಸ್ಥ ಫ್ರಾಂಚೆಸ್ಕೊ ತೆಸೋರಿಯೂ ಚಿತ್ರದಲ್ಲಿದ್ದಾನೆ. ಗಿರ್ಲಾಂಡಾಯೊ ಕೂಡ ಗುಂಪಿನ ನಡುವಿನಿಂದ ನಮ್ಮತ್ತಲೇ ನೋಡುತ್ತಿದ್ದಾನೆ. ಸ್ವಂತ ಕೈಯಿಂದಲೇ ಬರೆಯುತ್ತೇನೆಂದು ಕರಾರಿನಲ್ಲಿ ಒಪ್ಪಿಕೊಂಡವನು ಮುಖ ತೋರಿಸದೆ ಇರುತ್ತಾನಾ?

ಆದರೆ ಆದರ್ಶ ಎಂದರೆ ಇದ್ದದ್ದೆಲ್ಲ ಅಲ್ಲ. ಆ ಆಸ್ಪತ್ರೆಗೆ ಬಂದ ಮೊದಲ ಕೂಸು ಹೆಣ್ಣು, ಹೆಸರು ಆಗತಾ. ಆಮೇಲೂ ಬಂದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಎಷ್ಟೋ ಕೂಸುಗಳು ಬದುಕಲಿಲ್ಲ. ಅವಕ್ಕೆ ಹಾಲೂಡಿಸಿದ ಬಡ ದಾದಿಯರು ಈ ಚಿತ್ರದಲ್ಲಿ ಎಲ್ಲೂ ಇಲ್ಲ. ಕರಾರು ಮಾಡಿಸಿದವರು ಅವರಲ್ಲವಲ್ಲ. ಹಾಗಾಗಿ ನಿಮ್ಮ ಸಿಟ್ಟು ಅರ್ಧ ಸರಿ ಅಂತಲೇ ನನ್ನ ಅನಿಸಿಕೆ.

ಚಿತ್ರ ಈಗಲೂ ಅದೇ ಆಸ್ಪತ್ರೆಯ ಮ್ಯೂಸಿಯಮ್ಮಿನಲ್ಲಿದೆ. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಪುಟಕ್ಕೆ ಹಾಕುತ್ತೇವೆ. ಮೇರಿಯನ್ನು ಆಮೇಲೆ ನೋಡಿ, ಮೊದಲು ಆ ಎರಡು ಮಕ್ಕಳನ್ನು ಹುಡುಕಿ.

– ಸಂಪಾದಕ