ಎಂಬಿಎ ಪ್ರಾಜೆಕ್ಟ್‌ಗೆ 384 ಜನರ ಸರ್ವೆ ಮಾಡಲೇಬೇಕಾ?

ಬಾಗಲಕೋಟೆಯಲ್ಲಿ ಎಂಬಿಎ ಓದುತ್ತಾ, ಇಳಕಲ್ ಸೀರೆ ಕೊಳ್ಳುವವರ ಮೇಲೆ ಪ್ರಾಜೆಕ್ಟ್ ಮಾಡುವವರ ಪ್ರಶ್ನೆ ಇದು.

384 ಎಲ್ಲಿಂದ ಬಂತು ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ದೊಡ್ಡ ಗುಂಪಿನಿಂದ ಚೀಟಿ ಎತ್ತಿದ ಹಾಗೆ ಜನರನ್ನು ಆರಿಸಿದಾಗ, ಶೇ 95 ವಿಶ್ವಾಸ ಮಟ್ಟದಲ್ಲಿ (ಅಂದರೆ ಇಂಥ ಸರ್ವೆ ನೂರು ಸಲ ಮಾಡಿದರೆ ಸುಮಾರು 95 ಸಲ) ಶೇ 5ರಷ್ಟು ಆಚೀಚೆಯೊಳಗೆ ಉತ್ತರ ಸಿಗಲು ಬೇಕಾದ ಸಂಖ್ಯೆ ಅದು. ಚೀಟಿ ಎತ್ತಿದ ಹಾಗೆ ಅನ್ನೋದೇ ಮುಖ್ಯ. ಹಾಸ್ಟೆಲ್ ವಾಟ್ಸ್ಆ್ಯಪ್ ಗ್ರೂಪಿಗೆ ಗೂಗಲ್ ಫಾರ್ಮ್ ಹಾಕಿ 384 ತುಂಬಿಸಿದರೆ ಸಿಗೋದು ಹಾಸ್ಟೆಲ್ ಹುಡುಗರ ಅಭಿಪ್ರಾಯ. ಅವರು ಸೀರೆ ಕೊಳ್ಳೋರೇ ಅಲ್ವಲ್ಲ!

ಮೊದಲು ಒಂದು ದಿನ ಅಂಗಡಿಯಲ್ಲಿ ಸುಮ್ನೆ ಕೂತು ನೋಡಿ. ಕೊಳ್ಳೋರು ಮೊದಲು ಸೆರಗು ಬಿಚ್ಚಿಸುತ್ತಾರಾ, ರೇಟು ಕೇಳುತ್ತಾರಾ? ನಿಮ್ಮ ಪ್ರಶ್ನೆಗಳು ಅಲ್ಲೇ ಹುಟ್ಟುತ್ತವೆ. ಆಮೇಲೆ ಹತ್ತು ಜನರ ಮೇಲೆ ಪ್ರಶ್ನಾವಳಿ ಪ್ರಯೋಗಿಸಿ. 'ಬಣ್ಣ ಮತ್ತು ಬೆಲೆ ಒಪ್ಪಿಗೆಯೇ?' ಅಂತ ಕೇಳಿದರೆ, ಬಣ್ಣ ಇಷ್ಟವಾಗಿ ಬೆಲೆ ಜಾಸ್ತಿ ಅನಿಸಿದವರು ಏನು ಟಿಕ್ ಮಾಡಬೇಕು? ಎರಡಾಗಿ ಒಡೆಯಿರಿ.

ನೂರು ನಿಜವಾದ ಗ್ರಾಹಕರು ಸಿಕ್ಕರೂ ನನ್ನ ಪ್ರಕಾರ ಒಳ್ಳೆಯ ಕೆಲಸವೇ. ಅವರನ್ನು ಹೇಗೆ ಆರಿಸಿದಿರಿ, ಯಾರು ಬಿಟ್ಟುಹೋದರು ಅಂತ ವರದಿಯಲ್ಲಿ ಮುಚ್ಚಿಡದೆ ಬರೆಯಿರಿ. ಗೈಡ್ ಸಂಖ್ಯೆಗೇ ಪಟ್ಟು ಹಿಡಿದರೆ ಮಾತ್ರ ಕೆಲಸ ಶುರು ಮಾಡೋ ಮೊದಲೇ ಮಾತಾಡಿಕೊಳ್ಳಿ.