ಹುಲಿಗೆ ಮಾತ್ರ ಬಣ್ಣವೇಕೆ?

ಪ್ರಶ್ನೆ: ಎಡಿನ್‌ಬರೊದಲ್ಲಿ ಓದುತ್ತಿರುವ ಮಗಳು ಅಲ್ಲಿನ ಹಳೆಯ ಪುಸ್ತಕದಂಗಡಿಯಿಂದ ಹುಲಿಯ ಚಿತ್ರವೊಂದನ್ನು ತಂದಿದ್ದಾಳೆ. ಕೆಳಗೆ ಲಿಜಾರ್ಸ್ ಎಂಬ ಹೆಸರಿದೆ. ಪ್ರಕೃತಿ ವಿಜ್ಞಾನಿ ಸರ್ ವಿಲಿಯಂ ಜಾರ್ಡಿನ್ ಅವರ 1834ರ ಪುಸ್ತಕದ ಹಾಳೆಯಂತೆ. ಹುಲಿಗೆ ಮಾತ್ರ ಬಣ್ಣವಿದೆ. ಹಿಂದಿನ ಹುಲ್ಲು, ಗಿಡಗಳು ಕಪ್ಪು ಗೆರೆಯಲ್ಲೇ ಉಳಿದಿವೆ. ಚೌಕಟ್ಟು ಹಾಕುವವರು ಉಳಿದದ್ದಕ್ಕೂ ಬಣ್ಣ ತುಂಬಿಕೊಡುತ್ತಾರಂತೆ. ತುಂಬಿಸಲೇ?
– ಓದುಗರು, ಮೈಸೂರು

ಉತ್ತರ: ದಯವಿಟ್ಟು ತುಂಬಿಸಬೇಡಿ. ನಿಮ್ಮ ಹಾಳೆ ಅರ್ಧಕ್ಕೆ ಬಿಟ್ಟದ್ದಲ್ಲ, ಅದು ಬಂದ ಪುಸ್ತಕಮಾಲೆಯ ಪದ್ಧತಿಯೇ ಹಾಗೆ. 1833ರಿಂದ 1843ರವರೆಗೆ ಜಾರ್ಡಿನ್ ಹೊರತಂದ ನಲವತ್ತು ಪುಟ್ಟ ಸಂಪುಟಗಳು ಸಾಮಾನ್ಯ ಓದುಗರ ಕೈಗೆ ಎಟುಕಬೇಕಿತ್ತು. ಅದಕ್ಕಾಗಿ ಎಡಿನ್‌ಬರೊದ ಕೆತ್ತನೆಗಾರ ಲಿಜಾರ್ಸ್ ಚಿತ್ರಗಳನ್ನು ಮುದ್ರಿಸಲು ಉಕ್ಕಿನ ಫಲಕದಲ್ಲಿ ಕೆತ್ತಿದರು. ತಾಮ್ರದ ಗೆರೆ ಬೇಗ ಸವೆಯುತ್ತದೆ, ಉಕ್ಕಿನದು ಸಾವಿರಾರು ಪ್ರತಿಗಳಿಗೆ ತಡೆಯುತ್ತದೆ. ಆದರೆ ಬಣ್ಣವನ್ನು ಪ್ರತಿ ಹಾಳೆಗೂ ಕುಂಚದಿಂದಲೇ ಹಚ್ಚಬೇಕಿತ್ತು. ಪ್ರಾಣಿಗಷ್ಟೇ ಹಚ್ಚಿದರೆ ಕೂಲಿಯೂ ಸಮಯವೂ ಉಳಿಯುತ್ತಿದ್ದವು, ಕಣ್ಣು ನೇರವಾಗಿ ಪ್ರಾಣಿಯ ಮೇಲೆಯೇ ನಿಲ್ಲುತ್ತಿತ್ತು. ನನಗೆ ಈ ಹಾಳೆಗಳು ಪೂರ್ತಿ ಬಣ್ಣದವುಗಳಿಗಿಂತ ಹೆಚ್ಚು ಇಷ್ಟ.

ಬಣ್ಣ ಹಚ್ಚಿದವರ ಹೆಸರು ಹಾಳೆಯ ಮೇಲೆ ಇರುವುದಿಲ್ಲ. ಆದರೆ ಅವರಿಲ್ಲದೆ ಕೆಲಸವೇ ನಿಲ್ಲುತ್ತಿತ್ತು. ಹಕ್ಕಿಗಳ ಚಿತ್ರಕಾರ ಆಡುಬಾನ್ ಅವರ ಅಮೆರಿಕದ ಹಕ್ಕಿಗಳ ಮಹಾಗ್ರಂಥದ ಮೊದಲ ಹತ್ತು ಫಲಕಗಳನ್ನು ಕೆತ್ತಿದವರೂ ಇದೇ ಲಿಜಾರ್ಸ್. 1827ರಲ್ಲಿ ಅವರ ಬಣ್ಣಗಾರರು ಮುಷ್ಕರ ಹೂಡಿದರು. ಕೆಲಸ ಲಂಡನ್ನಿನ ಕೆತ್ತನೆಗಾರ ಹ್ಯಾವೆಲ್ ಅವರ ಕೈಗೆ ಹೋಗಿ, 1838ರಲ್ಲಿ 435 ಫಲಕಗಳಾಗಿ ಮುಗಿಯಿತು. ನಿಮ್ಮ ಹುಲಿಯ ಮೈಮೇಲಿನ ಕಿತ್ತಳೆ ಬಣ್ಣವೂ ಅಂಥದೇ ಒಂದು ಕೈಯ ಕೆಲಸ. ಅದರ ಪಕ್ಕದಲ್ಲಿ ಇಂದಿನ ಹಸಿರು ಬಂದರೆ ಆ ಕೆಲಸ ಕೆಡುತ್ತದೆ, ಬೆಲೆಯೂ ಇಳಿಯುತ್ತದೆ.

ಭೂತಗನ್ನಡಿ ಹಿಡಿದು ನೋಡಿ. ಮುದ್ರಿತ ಬಣ್ಣವಾದರೆ ಸಾಲು ಸಾಲು ಚುಕ್ಕೆಗಳು ಕಾಣುತ್ತವೆ. ಕೈಬಣ್ಣವಾದರೆ ಅಲ್ಲಲ್ಲಿ ನೀರು ನಿಂತ ಕಲೆ, ಗೆರೆ ದಾಟಿದ ಅಂಚು ಸಿಗುತ್ತವೆ. ಕಾಗದದ ಮಡಿಕೆ, ಬಿರುಕುಗಳೊಳಗೆ ಬಣ್ಣ ಹರಡಿದ್ದರೆ ಮಾತ್ರ ಅನುಮಾನಿಸಿ: ಕಾಗದ ಹಳತಾದ ಮೇಲೆ ಯಾರೋ ಹಚ್ಚಿರಬಹುದು.

ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಜಲವರ್ಣ. ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಆಮ್ಲರಹಿತ ರಟ್ಟನ್ನೇ ಕೇಳಿ ಹಾಕಿಸಿ, ಗಾಜು ಹಾಳೆಗೆ ತಗುಲದಿರಲಿ. ಹಿಂಬದಿಗೆ ಅಂಟುಪಟ್ಟಿ ಹಚ್ಚಲು ಬಿಡಲೇಬೇಡಿ; ಆ ಅಂಟು ಹಳದಿಗಟ್ಟಿ ಕಾಗದದ ಮುಂಬದಿಗೂ ಇಳಿಯುತ್ತದೆ.