ಪಾರಿತೋಷಕ ಆಮೇಲೆ ಮಾಡಿಸಿ, ಮೊದಲು ಮೇಷ್ಟ್ರ ಮನೆಗೆ ಫೋನ್ ಮಾಡಿ

ಹೈಸ್ಕೂಲಿನಲ್ಲಿ ನಿಮ್ಮ ರಸಪ್ರಶ್ನೆ ತಂಡವನ್ನು ಬೆಳೆಸಿದ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು, ಅವರ ಹೆಸರಿನಲ್ಲಿ ಪರ್ಯಾಯ ಪಾರಿತೋಷಕ ಇಡುವುದೋ, ವಿದ್ಯಾರ್ಥಿವೇತನ ಕೊಡುವುದೋ, ಸ್ಮರಣ ಸಂಚಿಕೆ ತರುವುದೋ ಎಂದು ಕೇಳಿದ್ದೀರಿ. ನಮ್ಮ ಮೇಷ್ಟ್ರು ತೀರಿಕೊಂಡಾಗ ಇದೇ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನಾನೂ ಕುಳಿತಿದ್ದೆ. ನಿಮ್ಮ ಹಾಳೆಯನ್ನು ಮಡಿಸಿಡಿ. ಮೇಷ್ಟ್ರ ಮನೆಯವರಿಗೆ ಫೋನ್ ಮಾಡಿ, ಮೇಷ್ಟ್ರು ಕೈಯಾರೆ ಬರೆದದ್ದೆಲ್ಲ ಎಲ್ಲಿದೆ ಎಂದು ಕೇಳಿ. ಯಾಕೆಂದು ಹೇಳುತ್ತೇನೆ.

ನಮ್ಮ ಮೇಷ್ಟ್ರು ಪಾಠ ಮಾಡುತ್ತಿದ್ದದ್ದು ರಸಾಯನಶಾಸ್ತ್ರ. ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದ ಉದ್ದನೆಯ ಮೇಜಿಗೆ ನಮ್ಮ ನಾಲ್ವರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿಸುತ್ತಿದ್ದರು. ಸ್ವೀಡನ್ನಿನ ಇಟ್ಟರ್ಬಿ ಎಂಬ ಹಳ್ಳಿಯ ಹೆಸರನ್ನು ನಾಲ್ಕು ಮೂಲಧಾತುಗಳು ಹಂಚಿಕೊಂಡಿವೆ: ಇಟ್ರಿಯಂ, ಟರ್ಬಿಯಂ, ಅರ್ಬಿಯಂ, ಇಟರ್ಬಿಯಂ. ಒಂದೇ ತರಗತಿಯಿಂದ ಬಂದ ನಮ್ಮ ನಾಲ್ವರಿಗೂ ಅವರು ಅವೇ ಹೆಸರುಗಳನ್ನು ಇಟ್ಟಿದ್ದರು. ನಾನು ಅರ್ಬಿಯಂ. ಹಾಜರಿ ಪುಸ್ತಕದ ಹೆಸರಿನಿಂದ ಅವರು ನನ್ನನ್ನು ಕರೆದದ್ದು ಗದರಿಸುವಾಗ ಮಾತ್ರ. ಬಜರ್ ಕೂಡ ಅವರೇ ಮಾಡಿದ್ದು. ಕರೆಗಂಟೆಯ ನಾಲ್ಕು ಗುಂಡಿಗಳು, ನಾಲ್ಕು ಬಣ್ಣದ ಬಲ್ಬುಗಳು, ಒಂದಿಷ್ಟು ರಿಲೇ ಸ್ವಿಚ್ಚುಗಳು. ಮೊದಲು ಒತ್ತಿದವರ ಬಲ್ಬು ಹೊತ್ತಿಕೊಂಡ ಕ್ಷಣವೇ ಉಳಿದ ಮೂರೂ ಗುಂಡಿಗಳು ಸತ್ತುಹೋಗುತ್ತಿದ್ದವು.

ನಾವು ಆಡುತ್ತಿದ್ದದ್ದು ಪಿರಮಿಡ್ ಮಾದರಿಯ ರಸಪ್ರಶ್ನೆ. ಅದರಲ್ಲಿ ಪ್ರಶ್ನೆ ಎಂದರೆ ಐದಾರು ಸಾಲುಗಳ ಒಂದು ಕಂಡಿಕೆ. ಮೊದಲ ಸಾಲಿನ ಸುಳಿವು ಆಳವಾಗಿ ಓದಿದವರಿಗೆ ಮಾತ್ರ ಹತ್ತುತ್ತದೆ, ಕೊನೆಯ ಸಾಲಿನದು ಎಲ್ಲರಿಗೂ. ಓದುತ್ತಿರುವಾಗಲೇ ಯಾರು ಬೇಕಾದರೂ ಗುಂಡಿ ಒತ್ತಬಹುದು. ಉತ್ತರ ಸರಿಯಾದರೆ 10 ಅಂಕ. ನಡುವೆ ತಡೆದು ತಪ್ಪು ಹೇಳಿದರೆ 5 ಅಂಕ ಕಡಿತ, ಅಷ್ಟೇ ಅಲ್ಲದೆ ಎದುರಾಳಿ ತಂಡ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು ನಿಧಾನವಾಗಿ ಉತ್ತರ ಹೇಳುತ್ತದೆ. ಹಾಗಾಗಿ ತಪ್ಪು ಉತ್ತರವೆಂದರೆ ತರಬೇತಿ ಕೊಡುವವರಿಗೆ ಸಿಟ್ಟು ಬರುವುದು ಸಹಜ. ನಮ್ಮ ಮೇಷ್ಟ್ರಿಗೆ ಮಾತ್ರ ತಪ್ಪು ಉತ್ತರದ ಮೇಲೆ ಅಕ್ಕರೆ.

ಒಂದು ಸಂಜೆ ಅವರು ಓದತೊಡಗಿದರು: ‘ಈ ಗ್ರಹವನ್ನು ಗ್ರಹವೆಂದು ಗುರುತಿಸುವ ಎಷ್ಟೋ ವರ್ಷ ಮೊದಲೇ ಒಬ್ಬ ಖಗೋಳಜ್ಞ ಅದನ್ನು ನೋಡಿ ನಕ್ಷತ್ರವೆಂದು ಬರೆದಿಟ್ಟಿದ್ದ...’ ನಾನು ಒತ್ತಿದೆ, ಯುರೇನಸ್ ಎಂದೆ. ಅವರ ಕಾರ್ಡಿನಲ್ಲಿದ್ದ ಉತ್ತರ ನೆಪ್ಚೂನ್. ಗೆಲಿಲಿಯೋ 1612ರ ಕೊನೆಯಲ್ಲಿ ಗುರುಗ್ರಹವನ್ನು ನೋಡುತ್ತಿದ್ದಾಗ ಅದರ ಬಳಿ ನೆಪ್ಚೂನನ್ನು ಕಂಡು ನಕ್ಷತ್ರವೆಂದು ತನ್ನ ಚಿತ್ರದಲ್ಲಿ ಗುರುತು ಹಾಕಿಕೊಂಡಿದ್ದ. ನಾನು ತಲೆ ತಗ್ಗಿಸಿದೆ. ‘ಯುರೇನಸ್ ಎಲ್ಲಿಂದ ಬಂತಪ್ಪಾ?’ ಎಂದು ಕೇಳಿದರು. ತಿಳಿದುಕೊಳ್ಳಬೇಕೆಂದೇ ಕೇಳಿದ ಪ್ರಶ್ನೆ ಅದು. ಫ್ಲಾಮ್‌ಸ್ಟೀಡ್ ಎಂಬಾತ 1690ರಲ್ಲಿ ಯುರೇನಸ್ಸನ್ನು ವೃಷಭ ರಾಶಿಯ ನಕ್ಷತ್ರಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದನೆಂದು ಓದಿದ್ದೆ ಸರ್, ಎಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ‘ಹಾಗಾದರೆ ನನ್ನ ಮೊದಲ ಸಾಲು ಎರಡಕ್ಕೂ ಹೊಂದುತ್ತದೆ. ಪ್ರಶ್ನೆಯೇ ಸರಿಯಿಲ್ಲ’ ಎಂದು ಕಳೆದ 5 ಅಂಕಗಳನ್ನು ನನಗೆ ವಾಪಸು ಕೊಟ್ಟರು. ಆಮೇಲೆ ಅರ್ಧ ಗಂಟೆ ಅಭ್ಯಾಸ ನಿಂತಿತು. ಯುರೇನಸ್ ಲೆಕ್ಕದ ದಾರಿಯಲ್ಲಿ ಹೋಗದೆ ಸರಿದಾಡುತ್ತಿದ್ದದ್ದು, ಅದನ್ನು ಎಳೆಯುತ್ತಿರುವ ಇನ್ನೊಂದು ಗ್ರಹ ಎಲ್ಲಿರಬೇಕೆಂದು ಫ್ರಾನ್ಸಿನ ಲವೆರಿಯೇ ಎಂಬಾತ ಕಾಗದದ ಮೇಲೆ ಲೆಕ್ಕ ಹಾಕಿದ್ದು, 1846ರಲ್ಲಿ ಬರ್ಲಿನ್ನಿನಲ್ಲಿ ಗಾಲ ಎಂಬ ಖಗೋಳಜ್ಞ ದೂರದರ್ಶಕ ತಿರುಗಿಸಿ ನೆಪ್ಚೂನನ್ನು ಕಂಡದ್ದು, ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು. ‘ನೀನು ತಟ್ಟಿದ್ದು ಪಕ್ಕದ ಮನೆಯ ಬಾಗಿಲು. ನೆಪ್ಚೂನಿಗೆ ದಾರಿ ಕೇಳಿದವರೆಲ್ಲ ಆ ಮನೆಯಲ್ಲೇ ಕೇಳಿದ್ದು’ ಎಂದರು. ಕೊನೆಗೆ ಕಾರ್ಡನ್ನು ತಿರುಗಿಸಿ ಸಣ್ಣ ಅಕ್ಷರಗಳಲ್ಲಿ ಬರೆದುಕೊಂಡರು: ಅರ್ಬಿಯಂ, ಯುರೇನಸ್, ಫ್ಲಾಮ್‌ಸ್ಟೀಡ್.

ಅವರ ಪ್ರತಿ ಕಾರ್ಡೂ ಹಾಗೆಯೇ. ಮುಂದೆ ಪ್ರಶ್ನೆ. ಹಿಂದೆ ಉತ್ತರ, ಪುಸ್ತಕದ ಹೆಸರು, ಪುಟಸಂಖ್ಯೆ. ಅದರ ಕೆಳಗೆ ಯಾರು ಯಾವ ತಪ್ಪು ಉತ್ತರ ಕೊಟ್ಟರು, ಅದು ಎಲ್ಲಿಂದ ಬಂತು. ನಮಗಿಂತ ಮುಂಚಿನ ತಂಡಗಳ ಹುಡುಗ ಹುಡುಗಿಯರೂ ಅಲ್ಲಿದ್ದರು, ನಮ್ಮ ನಂತರ ಬಂದವರೂ ಇದ್ದಿರಬೇಕು.

ಈಗ ನನ್ನ ತಪ್ಪು. ಅವರು ತೀರಿಕೊಂಡ ಮೂರನೆಯ ವಾರ ಅವರ ಮಗಳು ಫೋನ್ ಮಾಡಿದರು. ‘ಅಪ್ಪನ ಕಾರ್ಡುಗಳು ಏಳು ಪೆಟ್ಟಿಗೆಗಳಲ್ಲಿವೆ. ಮನೆ ಖಾಲಿ ಮಾಡುತ್ತಿದ್ದೇವೆ. ನಿಮಗೇನಾದರೂ ಬೇಕೇ?’ ಎಂದರು. ನಾನು ಆಗ ಪಾರಿತೋಷಕದ ಕೆಲಸದಲ್ಲಿ ಮುಳುಗಿದ್ದೆ. ಹಣ ಸಂಗ್ರಹಿಸುವುದು, ಹಳೆಯ ವಿದ್ಯಾರ್ಥಿಗಳ ವಿಳಾಸ ಹುಡುಕುವುದು, ಫಲಕದ ಮೇಲೆ ಏನು ಕೆತ್ತಿಸಬೇಕೆಂಬ ಚರ್ಚೆ. ‘ಖಂಡಿತ ಬೇಕು, ಕಾರ್ಯಕ್ರಮ ಮುಗಿಯಲಿ, ಆಮೇಲೆ ಬಂದು ತೆಗೆದುಕೊಂಡು ಹೋಗುತ್ತೇನೆ’ ಎಂದೆ. ಈ ಒಂದು ವಾಕ್ಯವನ್ನು ನಾನು ಎಷ್ಟು ಸಲ ಬಿಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಮನೆ ಯಾವ ದಿನ ಖಾಲಿಯಾಗುತ್ತದೆ ಎಂದು ನಾನು ಕೇಳಲಿಲ್ಲ. ಯಾವುದನ್ನೂ ಎಸೆಯಬೇಡಿ ಎಂದು ಹೇಳಲಿಲ್ಲ. ಆ ಕಾರ್ಡುಗಳಲ್ಲಿ ಏನಿದೆಯೆಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದ ನಾನು ಹೇಳಲಿಲ್ಲ. ನನ್ನ ‘ಆಮೇಲೆ’ ಅವರಿಗೆ ‘ಬೇಡ’ ಎಂದು ಕೇಳಿಸಿತು. ತಂದೆಯನ್ನು ಕಳೆದುಕೊಂಡು, ಗಡುವಿನೊಳಗೆ ಮನೆ ಬಿಡಬೇಕಾದವರಿಗೆ ಹಾಗೆ ಕೇಳಿಸಿದ್ದರಲ್ಲಿ ಏನೂ ತಪ್ಪಿಲ್ಲ. ಅದಕ್ಕಿಂತ ಒಳಗಿನ ಕಾರಣ ಇನ್ನೊಂದಿತ್ತು. ಪ್ರಶ್ನೆಗಳು ಈಗ ಎಲ್ಲೆಂದರಲ್ಲಿ ಸಿಗುತ್ತವೆ, ಹಳೆಯ ಕಾರ್ಡು ಒಂದು ನೆನಪಿನ ವಸ್ತು ಅಷ್ಟೇ, ಅದಕ್ಕೆ ಅವಸರವಿಲ್ಲ ಎಂದು ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಬಂದದ್ದು ಕಾರ್ಡಿನ ಮುಂಬದಿ ಮಾತ್ರ. ಹಿಂಬದಿ ನೆನಪಾಗಲೇ ಇಲ್ಲ. ಎರಡು ತಿಂಗಳ ನಂತರ ಹೋದಾಗ ಪೆಟ್ಟಿಗೆಗಳು ಹಳೆಯ ಕಾಗದದ ಜೊತೆ ತೂಕಕ್ಕೆ ಹೋಗಿದ್ದವು. ಆ ಹೆಣ್ಣುಮಗಳು ನನಗಿಂತ ಹೆಚ್ಚು ಅತ್ತರು. ‘ನೀವು ಒಂದು ಮಾತು ಹೇಳಿದ್ದರೆ ಇಟ್ಟುಕೊಂಡಿರುತ್ತಿದ್ದೆನಲ್ಲಾ’ ಎಂದರು.

ಪಾರಿತೋಷಕ ಈಗಲೂ ಇದೆ. ಒಂದು ವರ್ಷ ಅದನ್ನು ಗೆದ್ದ ತಂಡದ ಹುಡುಗಿಯೊಬ್ಬಳು ನನ್ನ ಬಳಿ ಬಂದು, ‘ಈ ಸರ್ ಹೇಗಿದ್ದರು?’ ಎಂದು ಕೇಳಿದಳು. ಬಹಳ ಓದಿಕೊಂಡವರು, ಬಹಳ ಒಳ್ಳೆಯವರು ಎಂದೆ. ಆ ಮಾತನ್ನು ಯಾವ ಮೇಷ್ಟ್ರ ಬಗ್ಗೆಯಾದರೂ ಹೇಳಬಹುದು. ಕೈಯಲ್ಲಿ ಒಂದೇ ಒಂದು ಕಾರ್ಡಿದ್ದರೂ ತಿರುಗಿಸಿ ತೋರಿಸುತ್ತಿದ್ದೆ.

ಆದ್ದರಿಂದ ಈ ಮೂರರಲ್ಲಿ ಯಾವುದು ಒಳ್ಳೆಯದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂರನ್ನೂ ಮುಂದಿನ ವರ್ಷ ಮಾಡಬಹುದು. ಫೋನ್ ಮಾಡುವುದನ್ನು ಮುಂದಿನ ವರ್ಷಕ್ಕೆ ಇಡಲು ಬರುವುದಿಲ್ಲ. ನೀವೇ ಹೋಗಿ, ಕಾಗದಗಳನ್ನು ನಿಮ್ಮ ಕೈಯಲ್ಲೇ ತನ್ನಿ. ಮನೆಯವರು ಕೊಡಲು ಹಿಂಜರಿದರೆ ಅಲ್ಲೇ ಕುಳಿತು ಎರಡೂ ಬದಿಗಳ ಫೋಟೋ ತೆಗೆಯಿರಿ. ಮೇಷ್ಟ್ರು ಜೋಡಿಸಿಟ್ಟ ಕ್ರಮವನ್ನು ಕದಡಬೇಡಿ, ಆ ಕ್ರಮಕ್ಕೂ ಒಂದು ಅರ್ಥವಿರುತ್ತದೆ. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದಿದ್ದರೆ ಅದನ್ನೂ ಬಿಡಬೇಡಿ.

ಸ್ಮರಣ ಸಂಚಿಕೆ ತರುವುದೇ ಆದರೆ ದಯವಿಟ್ಟು ಯಾರಿಂದಲೂ ಲೇಖನ ಕೇಳಬೇಡಿ. ಕೇಳಿದರೆ ‘ಆದರ್ಶ ಶಿಕ್ಷಕ’ ಎಂಬ ಮಾತೇ ಎಲ್ಲರಿಂದಲೂ ಬರುತ್ತದೆ. ಅದರ ಬದಲು ಒಂದೇ ಪ್ರಶ್ನೆ ಕೇಳಿ: ಮೇಷ್ಟ್ರ ಮುಂದೆ ನೀವು ಹೇಳಿದ ಯಾವ ತಪ್ಪು ಉತ್ತರ ನಿಮಗೆ ನೆನಪಿದೆ, ಅದಕ್ಕೆ ಅವರು ಏನೆಂದರು? ಪೆಟ್ಟಿಗೆಗಳು ಹೋದ ಮೇಲೆ ನಾವು ಮಾಡಿದ್ದು ಇದನ್ನೇ. ಈವರೆಗೆ ಹತ್ತೊಂಬತ್ತು ಸಿಕ್ಕಿವೆ.

ಒಂದು ಕಾರ್ಡು ಮಾತ್ರ ಉಳಿದಿದೆ. ಟರ್ಬಿಯಂ ತನ್ನ ಹಳೆಯ ಪಠ್ಯಪುಸ್ತಕದಲ್ಲಿ ಅದನ್ನು ಗುರುತಿಗೆ ಇಟ್ಟು ಮರೆತಿದ್ದ. ಪ್ರಶ್ನೆ ಹೀಲಿಯಂ ಬಗ್ಗೆ. 1868ರಲ್ಲಿ ಸೂರ್ಯನ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ ಕಂಡ ಒಂದು ಹಳದಿ ಗೆರೆ, ಅದನ್ನು ಉಂಟುಮಾಡುವ ಅನಿಲ ಭೂಮಿಯ ಮೇಲೆ ರಸಾಯನಶಾಸ್ತ್ರಜ್ಞ ರ‍್ಯಾಮ್ಸೆಗೆ ಸಿಕ್ಕಿದ್ದು 1895ರಲ್ಲಿ. ಸೋಡಿಯಂ ಕೊಡುವ ಬೆಳಕೂ ಹಳದಿಯೇ. ಹಿಂಬದಿಯಲ್ಲಿ ಅದೇ ಸಣ್ಣ ಅಕ್ಷರ: ‘ಟರ್ಬಿಯಂ, ಸೋಡಿಯಂ. ಹಳದಿ ಎಂದ ಕೂಡಲೇ ಒತ್ತಿದ. ನಾನಾಗಿದ್ದರೂ ಒತ್ತುತ್ತಿದ್ದೆ.’

ನಿಮ್ಮ ಮೇಷ್ಟ್ರು ಕಾರ್ಡು ಬರೆಯುತ್ತಿದ್ದರೋ ನೋಟ್‌ಪುಸ್ತಕವೋ, ನನಗೆ ತಿಳಿಯದು. ಏನು ಸಿಕ್ಕಿತು ಎಂದು ದಯವಿಟ್ಟು ಈ ಉತ್ತರದ ಕೆಳಗೆ ಬರೆಯಿರಿ.